ಪರವೂರಿನ ಒಲೆ, ಪಲ್ಯದ ಆಮ್ಲೆಟ್

ಇತಿಹಾಸ ಅಂದಕೂಡಲೇ ನಮಗೆ ರಾಜರು, ಯುದ್ಧಗಳು, ಶಾಸನಗಳು ನೆನಪಾಗುತ್ತವೆ. ಬೆಳಗಿನ ತಿಂಡಿಗೂ ಒಂದು ಇತಿಹಾಸ ಉಂಟು ಅಂದರೆ ಕೆಲವರಿಗೆ ನಗು ಬಂದೀತು. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿ ಸೇರಿದ ಕನ್ನಡಿಗರ ಕಥೆ ಬರೆಯಲು ಕೂತವರು, ಅವರೆಲ್ಲ ಬೆಳಿಗ್ಗೆ ಏನು ತಿಂದು ಕೆಲಸಕ್ಕೆ ಹೊರಡುತ್ತಿದ್ದರು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡುವಂತಿಲ್ಲ. ಹೊರನಾಡ ಕನ್ನಡಿಗರ ಬಗ್ಗೆ ನಾನು ಓದಿದ ಬರಹಗಳಲ್ಲಿ ಸಂಘ-ಸಂಸ್ಥೆ, ಯಕ್ಷಗಾನ, ರಾತ್ರಿ ಶಾಲೆ, ಹೋಟೆಲು ಎಲ್ಲವೂ ಬಂದಿವೆ. ಒಂಟಿ ಒಲೆಯ ಮೇಲೆ ಹತ್ತು ನಿಮಿಷದಲ್ಲಿ ಮಾಡಿಕೊಂಡು, ತಿಂದು, ಲೋಕಲ್ ಟ್ರೇನ್ ಹಿಡಿಯಲು ಓಡುತ್ತಿದ್ದ ತಿಂಡಿಯ ವಿಷಯ ಮಾತ್ರ ಎಲ್ಲೂ ಕಾಣಲಿಲ್ಲ. ಆ ತಿಂಡಿಯ ಹೆಸರು ಆಮ್ಲೆಟ್. ಅದರಲ್ಲೂ ಒಳಗೆ ಏನಾದರೂ ತುಂಬಿಸಿ ಮಡಚಿದ, ಮಧ್ಯಾಹ್ನದವರೆಗೆ ಹೊಟ್ಟೆ ತಡೆದುಕೊಳ್ಳುವಂಥ ಗಟ್ಟಿ ಆಮ್ಲೆಟ್.

ಮೊದಲು ನಮ್ಮ ಸ್ವಂತ ಆಸ್ತಿಯ ಲೆಕ್ಕ ನೋಡೋಣ. ಕನ್ನಡಿಗರ ತಿಂಡಿಗಳ ದಾಖಲೆ ಸಾವಿರ ವರ್ಷಕ್ಕೂ ಹಳೆಯದು. ಕ್ರಿ.ಶ. 920ರ ಸುಮಾರಿನ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಇಡ್ಡರಿಕೆಯೂ ಇದೆ, ಧೋಸಕವೂ ಇದೆ. ಇಷ್ಟು ಹಳೆಯ ತಿಂಡಿಗಳು ಕೈಯಲ್ಲಿರುವಾಗ ಊರು ಬಿಟ್ಟವನು ಮೊಟ್ಟೆಗೆ ಯಾಕೆ ಕೈಹಾಕಿದ?

ಉತ್ತರ ಕಷ್ಟದ್ದೇನಲ್ಲ. ದೋಸೆಗೆ ಅಕ್ಕಿ-ಉದ್ದು ಮಾತ್ರ ಸಾಲದು, ಒಂದು ಇಡೀ ಮನೆ ಬೇಕು. ಮಧ್ಯಾಹ್ನ ನೆನೆಹಾಕಬೇಕು, ಸಂಜೆ ರುಬ್ಬಬೇಕು, ರಾತ್ರಿಯಿಡೀ ಹುಳಿ ಬರಿಸಬೇಕು. ರುಬ್ಬುವ ಕಲ್ಲು ಬೇಕು, ಆ ಕಲ್ಲಿನ ಮುಂದೆ ಒಂದು ತಾಸು ಕೂರುವ ತಾಯಿಯೋ ಅಕ್ಕನೋ ಹೆಂಡತಿಯೋ ಬೇಕು. ನಮ್ಮ ಕರಾವಳಿಯ ನೀರುದೋಸೆಗೆ ಹುಳಿ ಬರಿಸುವ ಕೆಲಸ ಇಲ್ಲ ನಿಜ, ಆದರೆ ಅಕ್ಕಿಯನ್ನು ನುಣ್ಣಗೆ ರುಬ್ಬುವ ಕೆಲಸ ತಪ್ಪುವುದಿಲ್ಲ. ನಾಲ್ಕೈದು ಜನ ಹಂಚಿಕೊಂಡ ಹತ್ತಡಿ ಖೋಲಿಯಲ್ಲಿ ರುಬ್ಬುವ ಕಲ್ಲು ಎಲ್ಲಿಡುವುದು? ಕೊಯಮತ್ತೂರಿನ ವೆಟ್ ಗ್ರೈಂಡರು, ಆಮೇಲೆ ಮಿಕ್ಸಿ ಬಂದರೂ ಅವು ಬಂದದ್ದು ಸಂಸಾರಸ್ಥರ ಮನೆಗೆ. ಒಂಟಿ ಗಂಡಸಿನ ಕೋಣೆಯಲ್ಲಿ ಟ್ರಂಕು, ಚಾಪೆ, ಒಂದು ಸ್ಟವ್ ಇಷ್ಟೇ. ಹಾಗಾಗಿ ಹುಟ್ಟಿದೂರಿನ ತಿಂಡಿಯನ್ನು ಆತ ಹೋಟೆಲಿನಲ್ಲಿ ದುಡ್ಡು ಕೊಟ್ಟು ತಿನ್ನಬೇಕಿತ್ತು, ಇಲ್ಲವೇ ಬಿಡಬೇಕಿತ್ತು.

ಹೋಟೆಲುಗಳಿಗೇನೂ ಕೊರತೆ ಇರಲಿಲ್ಲ ಅನ್ನಿ. ಉಡುಪಿ ಕಡೆಯಿಂದ ಹೋದ ಕೆ. ಕೃಷ್ಣರಾಯರು ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುಮಾಡಿದರು. ಇಂಥವರ ಹಿಂದೆ ಸಾಲು ಸಾಲಾಗಿ ಹೋಟೆಲುಗಳು ಎದ್ದವು. ಅವುಗಳಲ್ಲಿ ಮೇಜು ಒರೆಸಿದ ಹುಡುಗರು ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು, ಹೋಟೆಲ್ ಮಾಲೀಕರೂ ಆದರು. ಇಲ್ಲೊಂದು ಸ್ವಾರಸ್ಯ ಗಮನಿಸಿ. ಈ ಹೋಟೆಲುಗಳನ್ನು ನಡೆಸಿದವರಲ್ಲಿ ಮೀನು-ಮಾಂಸ ತಿನ್ನುವ ಸಮುದಾಯದವರೂ ಬಹಳ ಮಂದಿ. ಮನೆಯಲ್ಲಿ ಮೀನುಸಾರು, ಗಲ್ಲಾದ ಮೇಲೆ ‘ಶುದ್ಧ ಶಾಕಾಹಾರಿ’ ಬೋರ್ಡು. ಅದು ವ್ಯಾಪಾರದ ಮಾತು, ತಪ್ಪೇನಿಲ್ಲ. ಆದರೆ ಇದರಿಂದ ಆದದ್ದೇನೆಂದರೆ, ಪರವೂರಿನಲ್ಲಿ ‘ಕನ್ನಡಿಗರ ತಿಂಡಿ’ ಅಂದರೆ ಇಡ್ಲಿ-ವಡೆ-ದೋಸೆ ಅಷ್ಟೇ ಎಂದು ಲೋಕಕ್ಕೆ ಗೊತ್ತಾಯಿತು. ಕನ್ನಡಿಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೊಟ್ಟೆ-ಮಾಂಸ ತಿನ್ನುವವರು ಎಂಬ ಸಂಗತಿ ಆ ಬೋರ್ಡಿನ ಹಿಂದೆ ಮರೆಯಾಯಿತು.

ಮೊಟ್ಟೆ ಸಿಗುತ್ತಿದ್ದದ್ದು ಎದುರುಗಡೆಯ ಇರಾನಿಯಲ್ಲಿ. 19ನೇ ಶತಮಾನದ ಕೊನೆ, 20ನೇ ಶತಮಾನದ ಮೊದಲ ದಶಕಗಳಲ್ಲಿ ಇರಾನಿನ ಯಜ್ದ್, ಕೆರ್ಮಾನ್ ಕಡೆಗಳಿಂದ ಬಂದ ಜರತುಷ್ಟ್ರ ಧರ್ಮದವರು ಮುಂಬಯಿಯ ಬೀದಿ ಮೂಲೆಗಳಲ್ಲಿ ಚಹಾದಂಗಡಿ ತೆರೆದರು. ಮೂಲೆಯ ಜಾಗ ವ್ಯಾಪಾರಕ್ಕೆ ಅಪಶಕುನ ಎಂದು ಬೇರೆಯವರು ಬಿಟ್ಟಿದ್ದರಿಂದ ಇವರಿಗೆ ದಕ್ಕಿತು ಅನ್ನುವ ಮಾತೊಂದಿದೆ. ಧೋಬಿ ತಲಾವಿನ ಕಯಾನಿ 1904ರದ್ದು, ಬಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದ್ದು. ಅವರೂ ನಮ್ಮಂತೆಯೇ ಊರು ಬಿಟ್ಟು ಬಂದವರು. ಉಡುಪಿ ಹೋಟೆಲಿನವರು ತಮ್ಮೂರಿನ ಅಡುಗೆಯನ್ನು ಮುಂಬಯಿಗೆ ತಂದರು. ಇರಾನಿಗಳು ಹಾಗೆ ಮಾಡದೆ, ಮುಂಬಯಿಯಲ್ಲಿ ಸಿಕ್ಕಿದ್ದನ್ನೇ ಕೂಡಿಸಿದರು: ಪೋರ್ಚುಗೀಸರು ಗೋವಾಕ್ಕೆ ತಂದ ಪಾವ್, ಇಂಗ್ಲಿಷರ ಚಹಾ-ಮಸ್ಕಾ, ಪಾರ್ಸಿಗಳ ಮೊಟ್ಟೆ. ಪಾರ್ಸಿಗಳ ಮೊಟ್ಟೆಪ್ರೀತಿ ಗೊತ್ತಿದ್ದದ್ದೇ. ಬೆಂಡೆಕಾಯಿಯ ಮೇಲೂ ಮೊಟ್ಟೆ, ಬಟಾಟೆಯ ಮೇಲೂ ಮೊಟ್ಟೆ, ಟೊಮೆಟೊ ಮೇಲೂ ಮೊಟ್ಟೆ. ನೀರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೇರಿಸಿದ ಅವರ ಆಮ್ಲೆಟ್ಟಿಗೆ ‘ಪೋರೋ’ ಎಂದು ಹೆಸರು. ಮುಂಬಯಿಯ ಮಸಾಲಾ ಆಮ್ಲೆಟ್ಟಿಗೆ ಅದು ಹತ್ತಿರದ ಸಂಬಂಧಿ.

‘ಆಮ್ಲೆಟ್’ ಎಂಬ ಶಬ್ದ ಫ್ರಾನ್ಸಿನದು. ತೆಳ್ಳಗಿನ ತಗಡು ಎಂಬರ್ಥದ ಲ್ಯಾಟಿನ್ ಮಾತು ‘ಲಾಮೆಲ್ಲಾ’ ಉರುಳಿ ಹೊರಳಿ ಆಮ್ಲೆಟ್ ಆಯಿತು. 17ನೇ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂತು, ಇಂಗ್ಲಿಷರ ಜೊತೆ ಇಲ್ಲಿಗೆ ಬಂತು. ಪ್ರವಾಸಿ ಬಂಗಲೆಯ ಖಾನ್‌ಸಾಮಾ, ರೈಲ್ವೆ ಸ್ಟೇಷನ್ನಿನ ರಿಫ್ರೆಶ್‌ಮೆಂಟ್ ರೂಮು ಇವು ಅದನ್ನು ಒಳನಾಡಿಗೆ ಹಂಚಿದವು. ನಮ್ಮ ಬಾಯಲ್ಲಿ ಅದು ಆಮ್ಲೇಟು, ಆಂಬ್ಲೇಟು ಆಯಿತು. ಶಬ್ದ ಹೊರಗಿನದಾದರೂ ವಸ್ತು ಇಲ್ಲಿಗೆ ಪೂರ್ತಿ ಹೊಸದಲ್ಲ. ಹೈದರಾಬಾದಿನಲ್ಲಿ ಈಗಲೂ ಮಾಡುವ ‘ಖಾಗೀನಾ’ ಪಾರಸಿ ಮೂಲದ ಮೊಟ್ಟೆಯ ತಿಂಡಿ. ಮೊಟ್ಟೆ ಒಡೆದು ಬಾಣಲೆಗೆ ಹಾಕುವ ಬುದ್ಧಿ ಕೋಳಿ ಸಾಕಿದವರಿಗೆಲ್ಲ ಬಂದೇ ಬರುತ್ತದೆ.

ಒಳಗೆ ಬೀಳುವ ಸಾಮಾನುಗಳ ಪಟ್ಟಿ ನೋಡಿದರೆ ಇನ್ನೂ ಮೋಜು. ಹಸಿಮೆಣಸು, ಟೊಮೆಟೊ, ಬಟಾಟೆ ಮೂರೂ ಅಮೆರಿಕಾ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದು, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಹಡಗು ಹತ್ತಿ ಬಂದ ಬೆಳೆಗಳು ಒಂದೆರಡಲ್ಲ. ಅದಕ್ಕೆ ಮುಂಚೆ ನಮ್ಮ ನಾಲಗೆಗೆ ಖಾರ ಅಂದರೆ ಮುಖ್ಯವಾಗಿ ಕಾಳುಮೆಣಸು. ಹೊಸ ಕಾಯಿ ಬಂದಾಗ ಹಳೆಯ ಹೆಸರಿಗೇ ಬಾಲ ಸೇರಿಸಿ ಮೆಣಸಿನಕಾಯಿ ಎಂದು ಕರೆದೆವು. ಬಟಾಟೆ ಎಂಬ ಮಾತಂತೂ ಪೋರ್ಚುಗೀಸರದೇ. ಘಟ್ಟದ ಮೇಲಿನವರು ಆಲೂಗಡ್ಡೆ ಅಂದರೆ ಕರಾವಳಿಯ ನಾವೂ, ಮರಾಠಿಗರೂ ಬಟಾಟೆ ಎನ್ನುತ್ತೇವೆ. ಹಾಗೆಯೇ ‘ಪಾವ್’ ಎಂಬುದು ಪೋರ್ಚುಗೀಸರ ‘ಪಾಂವ್’. ಅಂದರೆ ಮುಂಬಯಿಯ ಖೋಲಿಯಲ್ಲಿ ಬಂಟ್ವಾಳದ ಹುಡುಗನೊಬ್ಬ ಬಟಾಟೆ ಪಲ್ಯ ತುಂಬಿಸಿ ಆಮ್ಲೆಟ್ ಮಾಡಿಕೊಂಡು ಪಾವಿನ ಜೊತೆ ತಿಂದರೆ, ಆ ಬಟ್ಟಲಲ್ಲಿ ಊರು ಬಿಡದೆ ಬಂದ ಸಾಮಾನು ನೀರುಳ್ಳಿ, ಉಪ್ಪು ಬಿಟ್ಟು ಹೆಚ್ಚೇನಿಲ್ಲ.

ಮೊಟ್ಟೆಯೂ ಅಷ್ಟು ಸುಲಭಕ್ಕೆ ಸಿಗುವ ಪದಾರ್ಥವಾಗಿರಲಿಲ್ಲ. ಇದನ್ನು ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಹಳ್ಳಿಯ ನಾಟಿ ಕೋಳಿ ವರ್ಷಕ್ಕೆ 60, ಬಹಳ ಅಂದರೆ 80 ಮೊಟ್ಟೆ ಇಡುವುದು. ಅದರಲ್ಲಿ ಕೆಲವು ಮರಿ ಮಾಡಲಿಕ್ಕೆ, ಕೆಲವು ಸಂತೆಗೆ. ಮನೆಯಲ್ಲಿ ಮೊಟ್ಟೆ ಒಡೆಯುವುದು ನೆಂಟರು ಬಂದಾಗ, ಬಾಣಂತಿಗೆ, ಜ್ವರ ಬಿಟ್ಟವರಿಗೆ. ಕೇಂದ್ರ ಸರಕಾರದ ಅಂಕಿಅಂಶ ಹೇಳುವ ಕಥೆಯೂ ಇದೇ. 1950-51ರಲ್ಲಿ ಇಡೀ ದೇಶದ ಮೊಟ್ಟೆ ಉತ್ಪಾದನೆ ಸುಮಾರು 183 ಕೋಟಿ, ಅಂದರೆ ತಲೆಗೆ ವರ್ಷಕ್ಕೆ 5 ಮೊಟ್ಟೆ. 1980-81ಕ್ಕೆ ಅದು 1,000 ಕೋಟಿ ದಾಟಿತು. 2023-24ರಲ್ಲಿ 14,277 ಕೋಟಿ, ತಲೆಗೆ 103. ಜೀವಮಾನವಿಡೀ ಅಂಕಿ ಕೂಡಿಸಿದವನು ನಾನು. ಜನಸಂಖ್ಯೆಯೂ ಇಷ್ಟು ಏರುತ್ತಿರುವಾಗ ತಲಾ ಲೆಕ್ಕ 20 ಪಟ್ಟು ಆದ ಪದಾರ್ಥ ನನಗೆ ತಿಳಿದಂತೆ ಬೇರೆ ಹೆಚ್ಚಿಲ್ಲ.

ಇದರ ಹಿಂದೆ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುವ ಬಿಳಿ ಲೇಯರ್ ಕೋಳಿ ಇದೆ, ಹಳ್ಳಿಗಳಲ್ಲಿ ಕೋಳಿ ಫಾರಂಗೆ ಸಾಲ ಕೊಟ್ಟ ಬ್ಯಾಂಕುಗಳಿವೆ, ಬಿ.ವಿ. ರಾವ್ ಎಂಬ ತೆಲುಗು ಉದ್ಯಮಿಯ ಹಟ ಇದೆ. ಅವರು 1971ರಲ್ಲಿ ಹೈದರಾಬಾದಿನಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಸ್ಥಾಪಿಸಿದರು. ಮುಂದೆ ಅದರ ಕೇಂದ್ರ ಪುಣೆಯಾಯಿತು. ಉತ್ಪಾದನೆ ಹೆಚ್ಚಿದ್ದೇ ತಡ, ಮಧ್ಯವರ್ತಿಗಳು ಹೇಳಿದ್ದೇ ಬೆಲೆ ಆಗಿ ಸಾಕುವವನಿಗೆ ಮೇವಿನ ಖರ್ಚೂ ಹುಟ್ಟದ ಸ್ಥಿತಿ ಬಂತು. ಆಗ ರೈತರನ್ನು ಒಟ್ಟು ಸೇರಿಸಿ 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿದರು. ಬೆಲೆಯನ್ನು ರೈತರೇ ಘೋಷಿಸುವುದು, ಅದು ಪತ್ರಿಕೆಯಲ್ಲಿ ಬರುವುದು ಅಲ್ಲಿಂದ ಶುರು. ದೂರದರ್ಶನದಲ್ಲಿ ಭಾನುವಾರವಾದರೂ ಸರಿ ಸೋಮವಾರವಾದರೂ ಸರಿ ದಿನಾ ಮೊಟ್ಟೆ ತಿನ್ನಿ ಎಂಬ ಹಿಂದಿ ಜಾಹೀರಾತು ನೆನಪಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಮೀನು ತುಟ್ಟಿಯಾದಾಗ, ಅಂಗಡಿಯವನು ಹಳೆ ಪೇಪರಿನ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದ ನಾಲ್ಕು ಮೊಟ್ಟೆ ಕಡಿಮೆ ಸಂಬಳದವನ ದೊಡ್ಡ ಆಧಾರವಾಯಿತು.

ಇನ್ನು ಒಲೆ. ಗ್ಯಾಸ್ ಅಂದರೆ ಅಂದು ಕನಸು. ಇಂಡೇನ್ ಗ್ಯಾಸು 1965ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು ನಿಜ, ಆದರೆ ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಕನೆಕ್ಷನ್ನಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು. ಅದೂ ರೇಷನ್ ಕಾರ್ಡ್ ಇದ್ದವನಿಗೆ. ಬಾಡಿಗೆ ಹಂಚಿಕೊಂಡ ಬ್ರಹ್ಮಚಾರಿಗೆ ರೇಷನ್ ಕಾರ್ಡ್ ಯಾರು ಕೊಡುತ್ತಾರೆ? ಅವನ ಪಾಲಿಗೆ ಸೀಮೆಎಣ್ಣೆಯ ಪಂಪ್ ಸ್ಟವ್, ಇಲ್ಲವೇ ಬತ್ತಿ ಸ್ಟವ್. ಇಂಡಿಯನ್ ಆಯಿಲ್‌ನವರ ‘ನೂತನ್’ ಸ್ಟವ್ ಎಷ್ಟೋ ಕೋಣೆಗಳಲ್ಲಿ ಇತ್ತು. ಸೀಮೆಎಣ್ಣೆ ಅಳೆದು ಸಿಗುತ್ತಿದ್ದ ಕಾಲ. ಆದ್ದರಿಂದ ಯಾವ ಅಡುಗೆಗೆ ಎಷ್ಟು ಹೊತ್ತು ಉರಿ ಎಂಬುದೂ ಲೆಕ್ಕದ ಬಾಬತ್ತೇ. ಬೇಳೆ ಬೇಯಲು ಮುಕ್ಕಾಲು ಗಂಟೆ, ಆಮ್ಲೆಟ್ಟಿಗೆ ನಾಲ್ಕು ನಿಮಿಷ. ತಳ ಹಿಡಿಯುವ ಅಲ್ಯೂಮಿನಿಯಂ ಬಾಣಲೆಯ ರಗಳೆಯೂ ಮೆಲ್ಲನೆ ಕಡಿಮೆಯಾಯಿತು. ಮಹಾರಾಷ್ಟ್ರದ ಔರಂಗಾಬಾದಿನಲ್ಲಿ (ಈಗ ಛತ್ರಪತಿ ಸಂಭಾಜಿನಗರ) 1968ರಲ್ಲಿ ಶುರುವಾದ ನಿರ್ಲೇಪ್ ಕಂಪನಿ ನಾನ್‌ಸ್ಟಿಕ್ ತವೆಯನ್ನು ನಮ್ಮಂಥವರ ಮನೆಗೂ ತಂದಿತು. ನಿರ್ಲೇಪ, ಅಂದರೆ ಅಂಟದ್ದು! ಕನ್ನಡಿಗನಿಗೆ ಡಿಕ್ಷನರಿ ಬೇಡದ ಹೆಸರು.

ಇಲ್ಲಿಯವರೆಗೆ ಹೇಳಿದ್ದು ಸೌಕರ್ಯದ ಕಥೆ. ಈಗ ಅಡಚಣೆಯದು. ಊರು ಬಿಟ್ಟವನ ಆಮ್ಲೆಟ್ಟಿಗೆ ಎಲ್ಲಕ್ಕಿಂತ ದೊಡ್ಡ ವೈರಿ ಅಂದರೆ ಮನೆ ಮಾಲೀಕ. ನಾನು 1980ರ ದಶಕದಲ್ಲಿ ಬ್ಯಾಂಕಿನ ಕೆಲಸಕ್ಕೆ ಮುಂಬಯಿಗೆ ಬಂದಾಗ ನಮ್ಮ ಕರಾವಳಿಯ ನಾಲ್ಕು ಬ್ಯಾಂಕುಗಳು, 1906ರ ಕೆನರಾ ಮತ್ತು ಕಾರ್ಪೊರೇಷನ್, 1925ರ ಸಿಂಡಿಕೇಟ್, 1931ರ ವಿಜಯಾ, ಊರಿನ ನೂರಾರು ಹುಡುಗರನ್ನು ದೇಶದ ಮೂಲೆ ಮೂಲೆಗೆ ಕಳಿಸುತ್ತಿದ್ದವು. (ಅವುಗಳಲ್ಲಿ ಮೂರರ ಹೆಸರು 2019-20ರ ವಿಲೀನದಲ್ಲಿ ಅಳಿಸಿಹೋಯಿತು, ಉಳಿದದ್ದು ಕೆನರಾ ಒಂದೇ.) ಬ್ಯಾಂಕಿನ ನೌಕರ ಅಂದರೆ ಬಾಡಿಗೆ ತಿಂಗಳಿಗೆ ಸರಿಯಾಗಿ ಬರುತ್ತದೆ ಎಂದು ಮಾಲೀಕರಿಗೆ ಖುಷಿ. ಆದರೆ ಹೆಸರು, ಊರು, ಸಂಬಳ ಕೇಳಿ ಆದಮೇಲೆ ಬರುವ ಕೊನೆಯ ಪ್ರಶ್ನೆ: ‘ಮೊಟ್ಟೆ-ಗಿಟ್ಟೆ ತಿನ್ನೋರಾ?’ ಹೌದು ಅಂದರೆ, ನಾಳೆ ಹೇಳುತ್ತೇವೆ ಎಂಬ ಉತ್ತರ. ಆ ನಾಳೆ ಬರುತ್ತಿರಲಿಲ್ಲ. ನಾನು ಹಾಗೆ ಮೂರು ಕೋಣೆ ಕಳೆದುಕೊಂಡೆ. ನನ್ನ ಸಹೋದ್ಯೋಗಿಯೊಬ್ಬ ‘ಇಲ್ಲ’ ಅಂದು ಕೋಣೆ ಹಿಡಿದ. ಕಿಟಕಿ ಮುಚ್ಚಿ ಆಮ್ಲೆಟ್ ಮಾಡುವುದು, ಒಡೆದ ಚಿಪ್ಪನ್ನು ಪೇಪರಿನಲ್ಲಿ ಸುತ್ತಿ ಆಫೀಸ್ ಬ್ಯಾಗಿನಲ್ಲಿಟ್ಟು ಸ್ಟೇಷನ್ನಿನ ಕಸದ ಡಬ್ಬಿಗೆ ಹಾಕುವುದು ಅವನ ದಿನಚರಿ. ಚಿಪ್ಪನ್ನು ಸುತ್ತಬಹುದು, ಪರಿಮಳವನ್ನು ಸುತ್ತಲಾಗದಲ್ಲ. ಆರು ತಿಂಗಳಲ್ಲಿ ಆತನ ಟ್ರಂಕು ಹೊರಗೆ ಬಂತು.

ಇದನ್ನು ಒಬ್ಬಿಬ್ಬರು ಮಾಲೀಕರ ಸ್ವಭಾವ ಅಂದುಕೊಂಡರೆ ವಿಷಯ ಅರ್ಥವಾಗುವುದಿಲ್ಲ. ಮೊಟ್ಟೆ ತಿನ್ನುತ್ತೀರಾ ಎಂಬುದು ಜಾತಿ ಯಾವುದು ಎಂದು ಮರ್ಯಾದೆಯಿಂದ ಕೇಳುವ ರೀತಿ. ನೇರ ಕೇಳಿದರೆ ಮುಜುಗರ, ಅಡುಗೆಮನೆಯ ಮೂಲಕ ಕೇಳಿದರೆ ಸಭ್ಯತೆ. ಗೃಹ ಸಂಘಗಳು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದವು. ತಮ್ಮ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಎಂಬ ಅಹಮದಾಬಾದಿನ ಸಹಕಾರಿ ಗೃಹ ಸಂಘವೊಂದರ ಉಪನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಆ ಸಂಘ ಪಾರ್ಸಿಗಳದು ಎಂಬುದು ಇನ್ನೊಂದು ಸೋಜಿಗ. ನಮಗೆಲ್ಲ ಪೋರೋ ತಿನ್ನಿಸಿದ ಸಮುದಾಯಕ್ಕೂ ಬೇಲಿ ಬೇಕಾಯಿತು. ಅವರ ಸಂಖ್ಯೆ ಕರಗುತ್ತಿರುವಾಗ ಅವರ ಭಯವೂ ಅರ್ಥವಾಗುವಂಥದ್ದೇ. ಆದರೆ ಎಲ್ಲರೂ ಬೇಲಿ ಹಾಕಿಕೊಂಡರೆ ಹೊರಗಿನಿಂದ ಬಂದವನು ಎಲ್ಲಿ ಉಳಿಯಬೇಕು? ಸಸ್ಯಾಹಾರಿಗಳಿಗೂ ಪರವೂರಿನಲ್ಲಿ ಕಷ್ಟಗಳಿದ್ದವು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅವರಿಗೆ ತಮ್ಮ ತಟ್ಟೆಯ ಕಾರಣಕ್ಕೆ ಕೋಣೆ ತಪ್ಪಿದ್ದು ನಾನು ಕೇಳಿಲ್ಲ.

ಮೊಟ್ಟೆ ಒಲ್ಲದವರಿಗೂ ಆ ಹೆಸರಿನ ಮೋಹ ಮಾತ್ರ ಇತ್ತು! ಮುಂಬಯಿ-ಪುಣೆಯಲ್ಲಿ ಇದ್ದವರಿಗೆ ‘ಟೊಮೆಟೊ ಆಮ್ಲೆಟ್’ ಗೊತ್ತು. ಕಡಲೆಹಿಟ್ಟು ಕಲಸಿ, ಟೊಮೆಟೊ-ನೀರುಳ್ಳಿ ಹೆಚ್ಚಿ ಹಾಕಿ ಹೆಂಚಿನ ಮೇಲೆ ಹೊಯ್ಯುವುದು. ಮೊಟ್ಟೆಯ ಸುಳಿವೂ ಇಲ್ಲ. ಉಡುಪಿ ಹೋಟೆಲಿನಲ್ಲೂ, ಮರಾಠಿ ಬ್ರಾಹ್ಮಣರ ಮನೆಯಲ್ಲೂ ಅದು ಆಮ್ಲೆಟ್ಟೇ. ದೋಸೆಯ ಸೋದರಸಂಬಂಧಿಗೆ ಫ್ರೆಂಚ್ ಹೆಸರಿಟ್ಟು ನಾಮಕರಣ ಮಾಡಿದ ಆ ಅಜ್ಞಾತ ಅಡುಗೆಯವರಿಗೆ ಒಂದು ನಮಸ್ಕಾರ.

ವರ್ಗಾವಣೆಯ ನೌಕರಿಯಲ್ಲಿ ನಾನು ಕಂಡುಕೊಂಡ ಒಂದು ಸತ್ಯ ಅಂದರೆ, ಆಮ್ಲೆಟ್ಟಿನ ಹೊರಗಿನ ಮಡಿಕೆ ಎಲ್ಲ ಊರಲ್ಲೂ ಒಂದೇ, ಒಳಗಿನ ಹೂರಣ ಆ ಊರಿನದು. ಪುಣೆಯಲ್ಲಿ ಚೀಸ್ ಆಮ್ಲೆಟ್. ಡೆಕ್ಕನ್ ಜಿಮಖಾನಾದ ಗುಡ್‌ಲಕ್ ಕೆಫೆ 1935ರದ್ದು. 1978ರ ವೋಹುಮನ್ ಕೆಫೆಯಂತೂ ಚೀಸ್ ಆಮ್ಲೆಟ್ಟಿಗೇ ಹೆಸರಾಯಿತು. ಚೀಸ್ ಎಂಬುದು ಸಾಹೇಬರ ಡಬ್ಬಿಯಿಂದ ಇಳಿದು ನಮ್ಮ ಕೈಗೆ ಬಂದದ್ದು ಆಣಂದದ ಅಮುಲ್‌ನವರು ಎಮ್ಮೆಯ ಹಾಲಿನಿಂದ ಅದನ್ನು ಮಾಡಲು ಕಲಿತ ಮೇಲೆ. ಹೈದರಾಬಾದಿನಲ್ಲಿ ಹುರಿದ ಖೀಮಾ ಒಳಗೆ ಹೋಗುತ್ತದೆ. ಅಲ್ಲೂ ಇರಾನಿ ಚಹಾ ಇದೆ, ಉಸ್ಮಾನಿಯಾ ಬಿಸ್ಕತ್ತಿದೆ. ಚೆನ್ನೈಯಲ್ಲಿ ಹಸಿಮೆಣಸನ್ನು ಹಿಂದಿಕ್ಕಿ ಕಾಳುಮೆಣಸಿನ ಪುಡಿ ಮೇಲುಗೈ ಪಡೆಯುತ್ತದೆ. ಅಲ್ಲಿನ ‘ಕಲಕ್ಕಿ’ ಅರೆಬೆಂದದ್ದು, ನನಗೆ ಒಗ್ಗಲಿಲ್ಲ. ದಿಲ್ಲಿಯ ಚಳಿಗಾಲದಲ್ಲಿ ಬಸ್ ಸ್ಟಾಪಿನ ಪಕ್ಕದ ಗಾಡಿಯವನು ಬ್ರೆಡ್ಡಿನ ಎರಡು ಹೋಳನ್ನು ಬೇಯುತ್ತಿರುವ ಮೊಟ್ಟೆಯ ಮೇಲೆಯೇ ಒತ್ತಿ ಮಡಚಿ ಕೊಡುತ್ತಾನೆ. ಬ್ರೆಡ್ ಹೊರಗಲ್ಲ, ಅದೇ ಹೂರಣ. ಮನೆಗಳಲ್ಲಿ ಪನೀರ್ ತುರಿದು ಹಾಕುತ್ತಾರೆ. 1947ರಲ್ಲಿ ಪಂಜಾಬಿನಿಂದ ಎಲ್ಲವನ್ನೂ ಕಳೆದುಕೊಂಡು ಬಂದವರು ದಿಲ್ಲಿಯ ನಾಲಗೆಯನ್ನೇ ಬದಲಾಯಿಸಿದರು, ಪನೀರಿನ ದರ್ಬಾರು ಅವರಿಂದಲೇ ಬೆಳೆಯಿತು.

ಹಾಗಾದರೆ ಕನ್ನಡಿಗನ ಹೂರಣ ಯಾವುದು? ನನ್ನ ಮಟ್ಟಿಗೆ ಉತ್ತರ ಸಂದೇಹವಿಲ್ಲದ್ದು: ಮಸಾಲೆದೋಸೆಯ ಬಟಾಟೆ ಪಲ್ಯ. ಯೋಚಿಸಿ ನೋಡಿ, ತೆಳ್ಳಗೆ ಹರಡು, ನಡುವೆ ಪಲ್ಯ ಇಡು, ಮಡಚು. ದೋಸೆಯ ವ್ಯಾಕರಣವೇ ಇದು. ಹಿಟ್ಟಿನ ಜಾಗಕ್ಕೆ ಮೊಟ್ಟೆ ಬಂತು, ಅಷ್ಟೆ. ಕಲ್ಲಿಲ್ಲ, ನೆನೆಸುವ ಪಾತ್ರೆ ಇಲ್ಲ, ಕಾಯುವ ರಾತ್ರಿ ಇಲ್ಲ, ಆದರೂ ಬಾಯಿಗೆ ಊರಿನ ಪಲ್ಯವೇ ಸಿಗುತ್ತದೆ. ರಾತ್ರಿ ಚಪಾತಿಗೆ ಮಾಡಿ ಉಳಿದ ಪಲ್ಯಕ್ಕೆ ಬೆಳಿಗ್ಗೆ ಒಂದು ಗತಿ. ಮಂಗಳೂರಿನ ಕಡೆಯವರಲ್ಲಿ ಊರಿನಿಂದ ತಂದ ಒಣ ಸೀಗಡಿಯನ್ನು ಹುರಿದು, ತೆಂಗಿನತುರಿ-ಒಣಮೆಣಸು ಸೇರಿಸಿ ತುಂಬಿಸುವವರೂ ಇದ್ದರು. ಆದರೆ ಅದಕ್ಕೆ ಪೂರ್ತಿ ಸ್ವತಂತ್ರವಾದ ಮನೆ ಬೇಕು, ಒಂದು ಮೈಲಿ ದೂರಕ್ಕೆ ಪರಿಮಳ ಹೋಗುವಂಥದ್ದು ಅದು.

ಮಾಡುವ ಕ್ರಮವನ್ನೂ ಬರೆದಿಡುತ್ತೇನೆ, ಇದೂ ದಾಖಲೆಯ ಭಾಗವೇ. ಒಬ್ಬನಿಗೆ ಮೂರು ಮೊಟ್ಟೆ, ಅರ್ಧ ಬಟ್ಟಲು ಪಲ್ಯ. ಪಲ್ಯ ಮೊದಲೇ ಬೆಂದಿರಬೇಕು, ಬಿಸಿಯಾಗಿರಬೇಕು, ಒಣಗಿರಬೇಕು. ಹಸಿ ಟೊಮೆಟೊ, ಹಸಿ ನೀರುಳ್ಳಿ ತುಂಬಿಸಿದರೆ ನೀರು ಬಿಟ್ಟು ಆಮ್ಲೆಟ್ ಒಡೆಯುತ್ತದೆ. ಬೇಕಾದರೆ ಅವನ್ನು ಬಾಡಿಸಿ ನೀರು ಆರಿಸಿಯೇ ಹಾಕಬೇಕು. ತಣ್ಣನೆಯ ಪಲ್ಯ ಹಾಕಿದರೆ ಹೊರಗೆ ಸೀಯುವ ಹೊತ್ತಿಗೂ ಒಳಗೆ ಬಿಸಿ ಹತ್ತುವುದಿಲ್ಲ. ಮೊಟ್ಟೆಗೆ ಉಪ್ಪು, ಚಿಟಿಕೆ ಅರಿಶಿನ, ಒಂದು ಹಸಿಮೆಣಸು, ನಾಲ್ಕು ಕರಿಬೇವಿನ ಎಲೆ ಹೆಚ್ಚಿ ಹಾಕಿ, ಬಿಳಿ-ಹಳದಿ ಒಂದಾಗುವಷ್ಟು ಕಲಕಿದರೆ ಸಾಕು. ಉರಿ ಮಧ್ಯಮ. ಮೊಟ್ಟೆಯ ಬಿಳಿಭಾಗ ಗಟ್ಟಿಯಾಗಲು 60-65 ಡಿಗ್ರಿ ಸೆಲ್ಸಿಯಸ್ ಸಾಕು, ಹಳದಿಗೆ 70ರ ಆಸುಪಾಸು. ನೀರು ಕುದಿಯುವಷ್ಟು ಶಾಖವೂ ಅದಕ್ಕೆ ಬೇಡ. ಭರ್ರೆಂದು ಉರಿ ಏರಿಸುವುದರಿಂದ ಅದು ರಬ್ಬರಾಗುತ್ತದೆ. ಒಂದು ಚಮಚ ಎಣ್ಣೆಯೋ ಬೆಣ್ಣೆಯೋ ಹಾಕಿ, ಮೊಟ್ಟೆ ಹೊಯ್ದು, ಅಂಚನ್ನು ಒಳಗೆ ಎಳೆದು, ಹಸಿಭಾಗ ಕೆಳಗೆ ಹರಿಯುವಂತೆ ತವೆ ವಾಲಿಸಿ. ಮೇಲ್ಭಾಗ ಇನ್ನೂ ಒದ್ದೆಯಾಗಿ ಹೊಳೆಯುವಾಗಲೇ ಒಂದು ಪಕ್ಕಕ್ಕೆ ಪಲ್ಯ ಹರಡಿ, ಇನ್ನೊಂದು ಪಕ್ಕವನ್ನು ಮಡಚಿ, ಮುಚ್ಚಳ ಮುಚ್ಚಿ ಒಂದು ನಿಮಿಷ ಸಣ್ಣ ಉರಿ. ಒಳಗೆ ಹಸಿ ಉಳಿಯದು, ಹೊರಗೆ ಸೀಯದು. ಪಾವ್ ಇದ್ದರೆ ಅದೇ ತವೆಯಲ್ಲಿ ಬಿಸಿಮಾಡಿ. ಮಧ್ಯಾಹ್ನ ಎರಡರವರೆಗೆ ಕೌಂಟರಿನಲ್ಲಿ ಕೂತರೂ ಹಸಿವೆಯ ಮಾತಿಲ್ಲ.

ಈ ತಿಂಡಿ ಗಂಡಸರ ಕೈಗೆ ಸೌಟು ಕೊಟ್ಟಿತು ಎಂಬುದನ್ನೂ ಹೇಳಬೇಕು. ನಮ್ಮ ತಂದೆಯ ತಲೆಮಾರಿನವರು ಒಲೆಯ ಹತ್ತಿರ ಹೋದದ್ದು ಬೀಡಿ ಹಚ್ಚಲು. ಪರವೂರಿಗೆ ಬಂದ ನಮ್ಮ ತಲೆಮಾರು ಬೇರೆ ದಾರಿಯಿಲ್ಲದೆ ಕಲಿಯಿತು. ಮದುವೆಯಾಗಿ, ಹೆಂಡತಿಯೂ ಕೆಲಸಕ್ಕೆ ಹೋಗತೊಡಗಿದ ಮೇಲೆ ಎಷ್ಟೋ ಮನೆಗಳಲ್ಲಿ ಬೆಳಗಿನ ಆಮ್ಲೆಟ್ ಗಂಡನ ಖಾತೆಗೇ ಉಳಿಯಿತು. ನಮ್ಮಲ್ಲೂ ಹಾಗೇ. ದೋಸೆಯ ಕಥೆಯೂ ಈಗ ಬದಲಾಗಿದೆ ಬಿಡಿ. 2005ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಡಿ ಫ್ರೆಶ್ ಮತ್ತು ಅದರಂಥವರು ಹಿಟ್ಟನ್ನೇ ಪ್ಯಾಕೆಟ್ಟಿನಲ್ಲಿ ಕೊಡುತ್ತಿದ್ದಾರೆ. ಇಂದು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಕನ್ನಡದ ಹುಡುಗಿ ಕಲ್ಲೂ ಇಲ್ಲದೆ, ಅಮ್ಮನೂ ಇಲ್ಲದೆ ದೋಸೆ ಹೊಯ್ಯಬಲ್ಲಳು. ಸಂತೋಷದ ಸಂಗತಿ.

ಆದರೆ ಮೊಟ್ಟೆಯ ಜಗಳ ಮುಗಿದಿಲ್ಲ. ಅದು ಬಾಡಿಗೆ ಕೋಣೆಯಿಂದ ಶಾಲೆಯ ಅಂಗಳಕ್ಕೆ ಹೋಯಿತು. ತಮಿಳುನಾಡು 1989ರಲ್ಲೇ ಮಕ್ಕಳ ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಸೇರಿಸಿತು. ನಮ್ಮ ಕರ್ನಾಟಕ 2021ರ ಡಿಸೆಂಬರಿನಲ್ಲಿ, ಅದೂ ಮೊದಲು ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ ಮಾತ್ರ ಶುರುಮಾಡಿತು. ಕೆಲವು ಮಠಾಧೀಶರು ವಿರೋಧಿಸಿದರು, ಮಕ್ಕಳು ಬೇಕು ಅಂದರು. ಮರುವರ್ಷ ಇಡೀ ರಾಜ್ಯಕ್ಕೆ ಬಂತು. ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಎಂದಾಯಿತು. ಒಂದು ಮೊಟ್ಟೆಯಲ್ಲಿ ಆರೇಳು ಗ್ರಾಂ ಒಳ್ಳೆಯ ಪ್ರೋಟೀನ್ ಇದೆ. ಕೂಲಿಯವರ ಮಗುವಿಗೆ ಆ ಬೆಲೆಗೆ ಅಷ್ಟು ಸತ್ವ ಬೇರೆಲ್ಲಿ ಸಿಗುತ್ತದೆ? ತಿನ್ನುವವನು ತಿನ್ನಲಿ, ಬೇಡದವನಿಗೆ ಬಾಳೆಹಣ್ಣು ಇರಲಿ, ಇಬ್ಬರೂ ಒಂದೇ ಸಾಲಿನಲ್ಲಿ ಕೂರಲಿ. ಈ ಸರಳ ಏರ್ಪಾಟನ್ನು ಮಕ್ಕಳು ಒಪ್ಪಿಕೊಂಡರು. ಮಹಾನಗರಗಳ ಗೃಹ ಸಂಘಗಳಿಗೆ ಯಾಕೆ ಕಷ್ಟವೋ ತಿಳಿಯದು.

ಇಂದೂ ನಮ್ಮ ಹುಡುಗರು ಊರು ಬಿಡುತ್ತಿದ್ದಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮಂಗಳೂರು-ಮುಂಬಯಿ ಹಾದಿ ಒಂದು ರಾತ್ರಿಯದಾಯಿತು, ವಿಮಾನ ಹತ್ತುವವರಿಗೆ ಒಂದೂವರೆ ಗಂಟೆಯದು. ಫೋನಿನಲ್ಲಿ ಬೆರಳಿಟ್ಟರೆ ಬಾಗಿಲಿಗೆ ತಿಂಡಿ ಬರುತ್ತದೆ. ಆದರೂ ಹೊರಡುವವರಿಗೆ ನಾನು ಹೇಳುವುದು ಇಷ್ಟೇ: ಒಂದು ಒಳ್ಳೆಯ ತವೆ ಕೊಂಡುಕೊಳ್ಳಿ, ಊರಿನ ಪಲ್ಯ ಒಂದನ್ನಾದರೂ ಮಾಡಲು ಕಲಿಯಿರಿ, ಕೋಣೆ ನೋಡಲು ಹೋದಾಗ ಕೊನೆಯ ಪ್ರಶ್ನೆಗೆ ನಿಜವನ್ನೇ ಹೇಳಿ. ಒಂದೆರಡು ಕೋಣೆ ತಪ್ಪಿದರೂ ತಪ್ಪಲಿ, ಕಿಟಕಿ ತೆರೆದಿಟ್ಟು ತಿಂಡಿ ಮಾಡಿಕೊಳ್ಳುವ ಮನೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ನನಗೆ ನಾಲ್ಕನೆಯದು ಸಿಕ್ಕಿತು.